‘ಸತ್ತ’ ಎನ್ನಲು ಒಬ್ಬ ಸಾಕು

ಹೊಳೆಸಾಲಿನ ರಾಜ್ಯಗಳೆಲ್ಲ ಬಡಿದಾಡಿ ಸುಸ್ತಾದ ಮೇಲೆ ಒಂದು ಒಪ್ಪಂದ ಮಾಡಿಕೊಂಡವು. ವಿಚಾರಣೆಯಿಲ್ಲದೆ ಯಾವ ರಾಜನೂ ಯಾರ ಪ್ರಾಣವನ್ನೂ ತೆಗೆಯುವಂತಿಲ್ಲ. ಅನುಮಾನದ ಸಾವು ಕಂಡರೆ, ಹೇಗಾಯಿತು ಎಂದು ಕೇಳಲು ಎಲ್ಲರ ಪರವಾಗಿ ಒಬ್ಬರು ಹೋಗಬೇಕು. ಆ ಕೆಲಸಕ್ಕೆ ಮಲ್ಲಾಂಬೆ ಎಂಬ ನಡುವಯಸ್ಸಿನ ಹೆಂಗಸನ್ನು ಆರಿಸಿದರು. ಸೈನ್ಯ ಕೊಡಲಿಲ್ಲ, ಕತ್ತಿ ಕೊಡಲಿಲ್ಲ. ಒಂದು ಪಲ್ಲಕ್ಕಿ ಕೊಟ್ಟರು, ಅದೂ ಹಳೆಯದು. ಅವಳು ಹೋದಾಗ ಕೋಟೆಯ ಬಾಗಿಲು ತೆರೆಯಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ಅಷ್ಟೇ ಅವಳ ಅಧಿಕಾರ.

ಹೊಳೆ ಕಡಲಿಗೆ ಸೇರುವಲ್ಲಿ ಅಳಿವೆಪುರವಿತ್ತು. ಅಲ್ಲಿನ ದಳವಾಯಿ ಭೈರಸನಿಗೆ ಒಂದು ಮಾತು ಬಾಯಿಪಾಠವಾಗಿತ್ತು: “ತಪ್ಪಿಸಿಕೊಳ್ಳಲು ಹೋಗಿ ಸತ್ತ.” ಎದುರು ಮಾತಾಡಿದವರನ್ನು ಹಿಡಿದು ಕೋಟೆಗೆ ಒಯ್ಯುವುದು, ಆಮೇಲೆ ಡಂಗುರ ಹೊಡೆಸಿ ಈ ಮಾತನ್ನು ಸಾರಿಸುವುದು. ಆ ಊರಿನಲ್ಲಿ ಕಾಲಿಗೆ ಸಂಕೋಲೆ ಬಿದ್ದವರೂ ಓಡಿ ಓಡಿ ಸಾಯುತ್ತಿದ್ದರು, ಪಾಪ!

ಉಪ್ಪು ಬೆಳೆಯುವ ದುರ್ಗ ಹೀಗೆಯೇ ‘ಓಡಿ’ ಸತ್ತ. ಉಪ್ಪಿನ ಗದ್ದೆಯನ್ನು ದಳವಾಯಿಗೆ ಬಿಟ್ಟುಕೊಡುವುದಿಲ್ಲ ಎಂದಿದ್ದೇ ಅವನ ತಪ್ಪು. ಆಮೇಲೆ ಅವನ ಅಣ್ಣ ಮಾಳಿಂಗನನ್ನೂ ಹಿಡಿದೊಯ್ದರು. ಮಾಳಿಂಗನ ಹೆಂಡತಿ ಸಣ್ಣವ್ವ ಹೊಳೆಯ ದಂಡೆ ಹಿಡಿದು ನಡೆದು ಮಲ್ಲಾಂಬೆಯ ಮನೆ ಮುಟ್ಟಿದಳು.

“ಅಮ್ಮಾ, ನನ್ನ ಮೈದುನ ಹೋದ. ಈಗ ಗಂಡನ್ನ ಹಿಡ್ಕೊಂಡು ಹೋಗಿದಾರೆ. ಸತ್ತ ಮೇಲೆ ಬಂದು ಕೇಳಿ ಏನು ಮಾಡ್ತೀರಿ? ಈಗಲೇ ಬನ್ನಿ.”

ಸತ್ತವರ ಬಗ್ಗೆ ಕೇಳುವುದಷ್ಟೇ ತನ್ನ ಕೆಲಸ ಎಂದುಕೊಂಡಿದ್ದ ಮಲ್ಲಾಂಬೆ ಅರ್ಧ ಊಟದಲ್ಲಿ ಎದ್ದು ಕೈ ತೊಳೆದು ಸಣ್ಣವ್ವನ ಜೊತೆ ಹೊರಟಳು.

ಅಳಿವೆಪುರದಲ್ಲಿ ಮರ್ಯಾದೆಗೆ ಕೊರತೆಯಾಗಲಿಲ್ಲ. ಸೆರೆಮನೆಯಲ್ಲಿ ಮಾಳಿಂಗನನ್ನು ತೋರಿಸಿದರು. ಜೀವಂತವಾಗಿದ್ದ. ಮಲ್ಲಾಂಬೆ ರಾಜನ ಮುಂದೆ ಬಂದು ದುರ್ಗ ಹೇಗೆ ಸತ್ತ ಎಂದು ಕೇಳಿದಳು. ದಳವಾಯಿ ನಕ್ಕ.

“ಉತ್ತರ ಕೊಡದಿದ್ದರೆ ಏನು ಮಾಡ್ತೀರಿ ತಾಯಿ?”

“ಮತ್ತೆ ಕೇಳ್ತೀನಿ.”

“ಆಗಲೂ ಕೊಡದಿದ್ದರೆ?”

“ಎಲ್ಲ ರಾಜ್ಯದವರನ್ನೂ ಕೂರಿಸಿಕೊಂಡು ಕೇಳ್ತೀನಿ.”

ಅಷ್ಟು ಹೇಳಿ, ಹೊರಟೆ ಎಂದು ಕೈಮುಗಿದು ಪಲ್ಲಕ್ಕಿಯನ್ನು ಮುಂದೆ ಕಳಿಸಿದಳು. ಆದರೆ ಆಕೆಗೊಂದು ಅಭ್ಯಾಸವಿತ್ತು. ಹೊರಟೆ ಎಂದ ಮೇಲೆ ಒಮ್ಮೆ ಹಿಂದಿರುಗಿ ನೋಡಿಯೇ ಹೋಗುವುದು. ನೆಂಟರು ಇದ್ದಾಗಿನ ಮನೆಗೂ ಹೋದ ಮೇಲಿನ ಮನೆಗೂ ಎಷ್ಟು ವ್ಯತ್ಯಾಸ ಎಂದು ನಮಗೆಲ್ಲ ಗೊತ್ತಲ್ಲ! “ಇನ್ನೊಮ್ಮೆ ಮಾಳಿಂಗನನ್ನು ನೋಡಿ ಹೋಗ್ತೀನಿ” ಎಂದು ಸೆರೆಮನೆಯ ಕಡೆ ನಡೆದಳು. ದಾಕ್ಷಿಣ್ಯಕ್ಕೆ ರಾಜನೂ ಜೊತೆಗೆ ಬಂದ. ಬೇರೆ ದಾರಿ ಕಾಣದೆ ದಳವಾಯಿಯೂ ಹಿಂದೆಯೇ ಬಂದ.

ಅಲ್ಲಿ ಇಬ್ಬರು ಸೈನಿಕರು ಮಾಳಿಂಗನ ಸಂಕೋಲೆ ಬಿಚ್ಚುತ್ತಿದ್ದರು. ಏಕೆ ಎಂದು ಮಲ್ಲಾಂಬೆ ಕೇಳಿದಳು. ಅಷ್ಟರಲ್ಲಿ ಕೋಟೆಯ ಹೊರಗೆ ಡಂಗುರ ಕೇಳಿಸಿತು.

“ಕೇಳ್ರಪ್ಪೋ ಕೇಳಿ! ಉಪ್ಪಿನ ಗದ್ದೆಯ ಮಾಳಿಂಗ ತಪ್ಪಿಸಿಕೊಳ್ಳಲು ಹೋಗಿ ಸತ್ತ!”

ಪಲ್ಲಕ್ಕಿ ಕೋಟೆ ದಾಟಿದ ಕೂಡಲೇ ಸಾರು ಎಂದು ಡಂಗುರದವನಿಗೆ ದಳವಾಯಿ ಹೇಳಿಟ್ಟಿದ್ದ. ಪಲ್ಲಕ್ಕಿ ದಾಟಿತ್ತು. ಒಳಗೆ ಯಾರೂ ಇಲ್ಲ ಎಂದು ಅವನಿಗೇನು ಗೊತ್ತು?

ಮಾಳಿಂಗ ಕಣ್ಣು ಕಣ್ಣು ಬಿಟ್ಟ. “ನಾನು ಇಲ್ಲೇ ಇದ್ದೀನಲ್ಲ ಸ್ವಾಮಿ!”

ಮಲ್ಲಾಂಬೆ ದಳವಾಯಿಯ ಕಡೆ ತಿರುಗಿದಳು. “‘ಸತ್ತ’ ಅನ್ನೋಕೆ ಒಬ್ಬ ಸಾಕು ದಳವಾಯಿಗಳೇ. ‘ಕೊಂದ’ ಅನ್ನೋಕೆ ಇಬ್ಬರು ಬೇಕು. ಇಷ್ಟು ದಿನ ಸತ್ತವನ ಹೆಸರೊಂದೇ ಹೇಳ್ತಾ ಬಂದಿರಿ. ಆ ಇನ್ನೊಬ್ಬ ಯಾರು?”

ರಾಜನಿಗೆ ಮೊದಲು ಏನೂ ಗೊತ್ತಿರಲಿಲ್ಲ ಎಂದು ನಾನಂತೂ ನಂಬುವುದಿಲ್ಲ. ಆದರೆ ಗೊತ್ತಿಲ್ಲದವನ ಹಾಗೆ ಇರುವ ಅನುಕೂಲ ಅವತ್ತು ಅವನ ಕೈತಪ್ಪಿತು. ಮಾಳಿಂಗನನ್ನು ಬಿಡಿಸಿ ಹೆಂಡತಿಯ ಜೊತೆ ಮನೆಗೆ ಕಳಿಸಿದ.

ಇನ್ನಾದರೂ ಮಲ್ಲಾಂಬೆ ಹೋಗುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಹೋಗಲಿಲ್ಲ. “ದುರ್ಗನ ಉತ್ತರ ಬಾಕಿಯಿದೆ” ಎಂದು ಅಲ್ಲೇ ಉಳಿದಳು. ಬೆಳಗಾದರೆ ಅರಮನೆಗೆ ಹೋಗಿ ಅದೇ ಪ್ರಶ್ನೆ. ಎಂಥ ಹಟ! ಕತ್ತಿ ಹಿಡಿದವರನ್ನು ಬರಿಗೈಯಲ್ಲಿ ನಿಲ್ಲಿಸಿ ಕೇಳಿದ ಆ ತಾಯಿಯನ್ನು ನೆನೆದರೆ ಇಂದಿಗೂ ಕೈಮುಗಿಯಬೇಕೆನಿಸುತ್ತದೆ.

ಕೊನೆಗೊಂದು ದಿನ ಉಪ್ಪಿನ ಗದ್ದೆಯ ಬದಿಯಲ್ಲಿ ಅದೇ ಡಂಗುರದವನು ರಾಜನ ಅಪ್ಪಣೆ ಹೊತ್ತು ಬಂದು ನಿಂತ.

“ಕೇಳ್ರಪ್ಪೋ ಕೇಳಿ! ದುರ್ಗನನ್ನು ದಳವಾಯಿ ಭೈರಸ ಕೊಂದ! ನಾಳೆ ಸಭೆಯಲ್ಲಿ ಅವನ ವಿಚಾರಣೆ!”

ಗದ್ದೆಯಲ್ಲಿದ್ದ ಸಣ್ಣವ್ವ ಅಲ್ಲೇ ಕುಸಿದು ಕೂತು, ಮೈದುನನಿಗಾಗಿ ಅಂದು ಮೊದಲ ಸಲ ಗಟ್ಟಿಯಾಗಿ ಅತ್ತಳು.

ನೀತಿ: ಆಳುವವರು ‘ಸತ್ತ’ ಎಂದಾಗ ‘ಕೊಂದವರು ಯಾರು’ ಎಂದು ಕೇಳುವವರು ಬೇಕು. ಅಂಥವರು ಇಂದೂ ದೇಶ ದೇಶ ತಿರುಗುತ್ತಿದ್ದಾರೆ, ಅವರಿಗೆ ದನಿಗೂಡಿಸಿ. ಸತ್ತ ಮೇಲೆ ಕೇಳಿದರೆ ನ್ಯಾಯ ಸಿಗಬಹುದು. ಬದುಕಿರುವಾಗಲೇ ಕೇಳಿದರೆ ಜೀವ ಉಳಿಯುತ್ತದೆ.