ಲಿಸ್ಬನ್-ಮ್ಯಾಡ್ರಿಡ್ ಮಧ್ಯೆ ಮಾನ ಕಳ್ಕೊಂಡೋನು

"ಕೇಳ್ರಪ್ಪೋ ಕೇಳ್ರಿ! ತೆಂಕಣಗೇರಿ ಮಹಾರಾಜ ಗಗನರಾಯರ ಅಪ್ಪಣೆ! ಯುವರಾಣಿ ಪುಟ್ಟಮ್ಮಣ್ಣಿಯವರು ಲಿಸ್ಬನ್ನು, ಮ್ಯಾಡ್ರಿಡ್ಡು ಸುತ್ಕೊಂಡು ಬಂದವ್ರೆ. ಬಂದಾಗಿಂದ ಮೂರು ಒಗಟು ಹಿಡ್ಕೊಂಡು ಕೂತವ್ರೆ. ಬಿಡಿಸ್ದೋನಿಗೆ ಯುವರಾಣಿ, ಇಲ್ಲಾ ಬಾಯಿಬಿಟ್ಟು ಕೇಳಿದ್ದು. ತಪ್ಪಿದ್ರೆ ತಲೆ!"

ಡಂಗುರ ಕೇಳಿ ದ್ಯಾವ ಅರಮನೆ ದಾರಿ ಹಿಡಿದ. ಲಿಸ್ಬನ್‌ನಲ್ಲಿ ಬಟ್ಟೆ ಒಗೆಯೋ ಅಂಗಡೀಲಿ ದುಡಿಯೋ ಅಕ್ಕ ಸಾಕಮ್ಮನ ಮನೇಲಿದ್ದು, ಮ್ಯಾಡ್ರಿಡ್‌ಗೆ ಕೆಲಸಕ್ಕೆ ಅಂತ ಹೋಗಿ, ಎರಡೂ ಊರಲ್ಲಿ ಮಾನ ಕಳ್ಕೊಂಡು ಬಂದೋನು ಅವನು. ಅಕ್ಕ ಮಾತು ಬಿಟ್ಟು ವರ್ಷ ಆಗಿತ್ತು. ಅವನಿಗೆ ಯುವರಾಣಿ ಬೇಕಿರ್ಲಿಲ್ಲ, ಅಕ್ಕನ ಮುಂದೆ ಹೋಗಿ ನಿಲ್ಲೋಕೆ ಒಂದು ಟಿಕೆಟ್ಟು ಬೇಕಿತ್ತು.

"ಅದೇ ವಿಮಾನ, ಅದೇ ದಾರಿ," ಅಂದ್ಲು ಪುಟ್ಟಮ್ಮಣ್ಣಿ. "ಗಡಿಯಾರ ನೋಡಿದ್ರೆ ಲಿಸ್ಬನ್‌ನಿಂದ ಮ್ಯಾಡ್ರಿಡ್‌ಗೆ ಎರಡೂಕಾಲು ಗಂಟೆ. ವಾಪಸ್ ಬರೋಕೆ ಬರೀ ಕಾಲು ಗಂಟೆ. ಯಾಕೆ?"

ಸರದಾರನ ಮಗ ಮೀಸೆ ತಿರುವಿ, "ಬರೋವಾಗ ಇಳಿಜಾರು!" ಅಂದ. ತಲೆ ಹೋಯ್ತು. ಜೋಯಿಸರ ಮಗ, "ಹೋಗೋವಾಗ ರಾಹುಕಾಲ!" ಅಂದ. ಅವನ ತಲೆ ಜುಟ್ಟಿನ ಸಮೇತ ಹೋಯ್ತು.

ದ್ಯಾವ ಮುಂದೆ ಬಂದ. "ಮ್ಯಾಡ್ರಿಡ್ ಗಡಿಯಾರ ಒಂದು ಗಂಟೆ ಮುಂದೈತೆ ಅಮ್ಮಣ್ಣಿ. ಹಾರೋದು ಎರಡೂ ಕಡೆ ಒಂದೂಕಾಲೇ ಗಂಟೆ."

"ನಿಂಗೆ ಹೆಂಗೊತ್ತು? ಅದನ್ನೂ ಹೇಳ್ಬೇಕು."

ಅವನ ಕಿವಿ ಕೆಂಪಾಯ್ತು. "ಹೋಟ್ಲಲ್ಲಿ ಕೆಲಸ ಕೊಡ್ತೀವಿ ಅಂದಿದ್ರು. ವಾಚು ಮುಂದಕ್ಕೆ ತಿರುಗಿಸೋದು ಮರೆತು, ಸರಿಯಾದ ಹೊತ್ತಿಗೆ ಬಂದೆ ಅಂತ ಎದೆ ಉಬ್ಬಿಸ್ಕೊಂಡು ಹೋದೆ. ಒಳಗೆ ಬೇರೆಯೋನು ಆಗ್ಲೇ ಈರುಳ್ಳಿ ಹೆಚ್ತಿದ್ದ."

ದರ್ಬಾರು ಗೊಳ್ಳಂತ ನಗ್ತು.

"ಎರಡನೇ ಒಗಟು. ಹಾರೋದು ಒಂದೂಕಾಲು ಗಂಟೆ, ಮನೆಯಿಂದ ಮನೆಗೆ ಅರ್ಧ ದಿನ. ಮಿಕ್ಕ ಹೊತ್ತು ಯಾರು ತಿಂದ್ರು?"

"ಕ್ಯೂ ತಿಂತು. ಅದ್ರಲ್ಲಿ ನಂದೂ ಪಾಲೈತೆ. ವಿಮಾನ ನಿಲ್ದಾಣದ ತಪಾಸಣೇಲಿ ಅಕ್ಕ ಕಟ್ಟಿದ್ದ ಉಪ್ಪಿನಕಾಯಿ ಎಸಿ ಅಂದ್ರು. ಮನಸ್ಸು ಬರ್ಲಿಲ್ಲ. ಅಲ್ಲೇ ನಿಂತು ಬಾಟ್ಲಿ ಪೂರ್ತಿ ನೆಕ್ಕಿದೆ. ಬೆಲ್ಟು ಬೇರೆ ಬಿಚ್ಚಿಸಿದ್ರು. ಒಂದು ಕೈ ಬಾಟ್ಲೀಲಿ, ಒಂದು ಕೈ ಪ್ಯಾಂಟಲ್ಲಿ."

ಗಗನರಾಯ ನಕ್ಕು ನಕ್ಕು ಕಿರೀಟ ಬೀಳಿಸ್ಕೊಂಡ.

"ಮೂರನೇದು. ಆಕಾಶದಲ್ಲಿ ಐನೂರು ಕಿಲೋಮೀಟ್ರು, ನೆಲದ ಮೇಲೆ ಆರ್ನೂರು ಚಿಲ್ಲರೆ. ಆ ಹೆಚ್ಚಿಂದು ಎಲ್ಲಿ ಅಡಗೈತೆ?"

ಉತ್ತರ ಹೇಳಿದ್ರೆ ಅಕ್ಕನ ಕಥೇನೂ ಹೇಳ್ಬೇಕಲ್ಲ ಅಂತ ದ್ಯಾವಂಗೆ ತಲೆ ಹೋದ್ರೂ ಹೋಗ್ಲಿ ಅನ್ನಿಸ್ತು.

"ರಸ್ತೆ ತಿರುವಲ್ಲಿ," ಅಂದ ಕೊನೆಗೆ. "ವಿಮಾನ ನೆಟ್ಟಗೆ ಹೋಗ್ತದೆ. ರಸ್ತೆ ಬೆಟ್ಟ ಬಳಸಿ, ಊರು ಮುಟ್ಕೊಂಡು ಹೋಗ್ತದೆ."

"ಹೆಂಗೊತ್ತು?"

"ವಿಮಾನಕ್ಕೆ ದುಡ್ಡಿಲ್ದೆ ಬಸ್ಸಲ್ಲಿ ವಾಪಸ್ ಬಂದೆ. ಕೆಲಸ ಸಿಕ್ತು, ವಿಮಾನದಲ್ಲೇ ಬರ್ತೀನಿ ಅಂತ ಅಕ್ಕಂಗೆ ಸುಳ್ಳು ಬಿಟ್ಟಿದ್ದೆ. ಅವಳು ರಜಾ ಹಾಕಿ, ಚಿತ್ರಾನ್ನ ಕಟ್ಕೊಂಡು ವಿಮಾನ ನಿಲ್ದಾಣದ ಬಾಗ್ಲಲ್ಲಿ ಕತ್ತಲಾಗೋವರೆಗೂ ನಿಂತಿದ್ಲಂತೆ. ಮುಖ ತೋರಿಸೋಕಾಗ್ದೆ ನಾನು ಹಡಗು ಹತ್ತಿ ಊರಿಗೆ ಓಡಿಬಂದೆ."

ಈಗ ಯಾರೂ ನಗ್ಲಿಲ್ಲ.

"ಮೂರೂ ಸರಿ," ಅಂದ್ಲು ಪುಟ್ಟಮ್ಮಣ್ಣಿ ನೆಲ ನೋಡ್ತಾ. "ನಾನೂ ವಾಚು ತಿರುಗಿಸಿರ್ಲಿಲ್ಲ ಕಣೋ. ಮ್ಯಾಡ್ರಿಡ್‌ನಲ್ಲಿ ನಂಗೆ ಕಾದಿದ್ದೋನು ಎದ್ದು ಹೋಗಿದ್ದ. ನನ್ನಂಥ ಪೆದ್ದು ಇನ್ನೊಂದೈತಾ ಅಂತ ನೋಡ್ಬೇಕಿತ್ತು."

"ಅಷ್ಟಕ್ಕೆ ಎರಡು ತಲೆ ತೆಗೆಸಿದ್ವಾ, ಮಗಳೇ?" ಅಂದ ರಾಜ. ಅಪ್ಪ-ಮಗಳು ಇಬ್ಬರ ತಲೇನೂ ಬಗ್ಗಿತು. ಮದುವೆ ಮಾತೆತ್ತೋ ಮುಖ ಯಾರಿಗೂ ಇರ್ಲಿಲ್ಲ. ರಾಜ ಅರ್ಧ ರಾಜ್ಯ ಅಂದ. ದ್ಯಾವ ಟಿಕೆಟ್ಟೇ ಸಾಕು ಅಂದ.

ಲಿಸ್ಬನ್‌ನಲ್ಲಿ ಸಾಕಮ್ಮ ಬಾಗಿಲು ತೆಗೆದು, ತಮ್ಮನ್ನ ಮೇಲಿಂದ ಕೆಳಗೆ ನೋಡಿದ್ಲು.

"ಯಾತ್ರಲ್ಲಿ ಬಂದೆ?"

"ವಿಮಾನದಲ್ಲಿ, ಅಕ್ಕ." ಟಿಕೆಟ್ಟು ಮುಂದೆ ಹಿಡಿದ.

"ಅದನ್ನ ನೋಡೋಕೆ ನಾನೇನು ಕಂಡಕ್ಟರಾ?" ಅಂದ್ಲು. ಒಳಗೆ ಬಾ ಅನ್ಲಿಲ್ಲ, ಬಾಗಿಲೂ ಹಾಕ್ಲಿಲ್ಲ. ದ್ಯಾವ ತಲೆ ತಗ್ಗಿಸ್ಕೊಂಡೇ ಚಪ್ಪಲಿ ಬಿಟ್ಟ.