ನಾಲ್ಕನೇ ಚೈನಿನ ‘ಇಲ್ಲ’

ಹೊಳೆದಂಡೆಯ ಒಂದು ಆಶ್ರಮದಲ್ಲಿ ನಿರ್ವಾಣಯ್ಯ ಎಂಬ ಗುರುಗಳು ಕೈಪಿಡಿ ಬರೆಯುವ ವಿದ್ಯೆ ಕಲಿಸುತ್ತಿದ್ದರು. ಚಂಪಕಾ ಅವರ ಶಿಷ್ಯೆ.

ಆ ವರ್ಷ ಸಿಕ್ಕಿದ್ದು ಒಂದೇ ಕೆಲಸ. ಒಂದು ಕಂಪನಿಯ ಡಿಜಿಟಲ್ ತಿಜೋರಿ ಐದು ಬ್ಲಾಕ್‌ಚೈನ್‌ಗಳಲ್ಲಿ, ಅಂದರೆ ಐದು ಬೇರೆ ಬೇರೆ ಕಂಪ್ಯೂಟರ್ ಜಾಲಗಳಲ್ಲಿ ನಡೆಯುತ್ತಿತ್ತು. ಪ್ರತಿ ಗಿರಾಕಿಯ ಕೀಲಿ ಅಂದರೆ ಹನ್ನೆರಡು ಗುಟ್ಟಿನ ಪದಗಳು. ತಿಜೋರಿಯನ್ನು ಬಳಸುವ ಬಗೆಯನ್ನು ಜನರಿಗೆ ತಿಳಿಯುವಂತೆ ಬರೆದುಕೊಡಬೇಕಿತ್ತು.

ಚಂಪಕಾ ಜಾಣೆ. ಜಾಣರು ಮಾಡುವ ತಪ್ಪನ್ನೇ ಮಾಡಿದಳು. ಮೊದಲ ಚೈನಿಗೆ ಪುಸ್ತಕ ಬರೆದಳು. ಉಳಿದ ನಾಲ್ಕಕ್ಕೂ ಅದನ್ನೇ ನಕಲು ಮಾಡಿ, ಚೈನಿನ ಹೆಸರು ಮಾತ್ರ ಬದಲಿಸಿದಳು.

ತಿಂಗಳೊಳಗೆ ಸಾವಂತ್ರವ್ವ ಎಂಬ ನೇಕಾರ್ತಿಯ ಪತ್ರ ಬಂತು.

“ಕೀಲಿ ಮರತ್ರ ಮೂರು ಮಂದಿ ಗೆಳತ್ಯಾರು ಸಾಕ್ಷಿ ಹೇಳಿದ್ರ ಸಾಕು, ತಿಜೋರಿ ತಗೀತೈತಿ ಅಂತ ನಿಮ್ಮ ಪುಸ್ತಕದಾಗ ಬರದೀರಿ. ಅದನ್ನ ನಂಬಿ ನಾ ಎಲ್ಲೂ ಬರದಿಟ್ಟಿರಲಿಲ್ಲ. ಮೂವರೂ ಹೇಳಿದ್ರು. ತಗೀಲಿಲ್ಲ. ನಾ ಬಿಡಿಸಿದ ಸೀರಿ ನಮೂನಿಗಳ ಹಕ್ಕುಪತ್ರ ಎಲ್ಲಾ ಒಳಗ ಉಳದಾವ. ನಂದು ನಾಲ್ಕನೇ ಚೈನ್. ನಾ ಏನ್ ತಪ್ಪು ಮಾಡೇನ್ರಿ?”

ಮೊದಲ ಚೈನಿನಲ್ಲಿದ್ದ ಆ ಸೌಲಭ್ಯ ನಾಲ್ಕನೆಯದರಲ್ಲಿ ಇರಲೇ ಇಲ್ಲ. ಅಲ್ಲಿ ಕೀಲಿ ಹೋದರೆ ಹೋದಂತೆಯೇ.

ಚಂಪಕಾ ಅತ್ತಳು. “ಅವರಿಗೆ ಏನಂತ ಬರೀಲಿ, ಗುರುಗಳೇ?”

“ತಪ್ಪು ನಿಮ್ಮದಲ್ಲ, ನನ್ನದು ಅಂತ ಬರಿ. ಆಮೇಲೆ ಪುಸ್ತಕ ಹರಿದು ಹಾಕು.”

ಐದನ್ನೂ ಹರಿದಳು. ಈ ಸಲ ಒಂದೊಂದು ಸೌಲಭ್ಯಕ್ಕೆ ಒಂದೊಂದು ಪುಟ ಮಾಡಿದಳು. ಪುಟದ ತಲೆಯ ಮೇಲೆ ಐದೂ ಚೈನ್‌ಗಳ ಹೆಸರು, ಪ್ರತಿಯೊಂದರ ಮುಂದೆ ‘ಇದೆ’ ಅಥವಾ ‘ಇಲ್ಲ’. ತಾನೇ ಮಾಡಿ ನೋಡದೆ ಒಂದು ಪದವನ್ನೂ ಬರೆಯಲಿಲ್ಲ.

ಹೊಸ ಪುಟಗಳನ್ನು ನೋಡಲು ಕಂಪನಿಯ ಮ್ಯಾನೇಜರ್ ಕಾರಿನಲ್ಲಿ ಬಂದ. ಓದುತ್ತಾ ಹೋದಂತೆ ಅವನ ಮುಖ ಹುಳ್ಳಗಾಯಿತು.

“ಇಷ್ಟೊಂದು ‘ಇಲ್ಲ’ ಯಾಕೆ? ಜನ ಓಡಿಹೋಗ್ತಾರೆ. ಸುಳ್ಳು ಬರೀರಿ ಅಂತ ನಾನೇನೂ ಹೇಳ್ತಿಲ್ಲ. ‘ಇಲ್ಲ’ ಇರೋ ಕಡೆ ಖಾಲಿ ಬಿಡಿ, ಅಷ್ಟೇ.”

ಗುರುಗಳು ನಕ್ಕರು. “ಬಿಸಿಲಲ್ಲಿ ಬಂದಿದ್ದೀರಿ. ಮೊದಲು ಹೊಳೆಯಲ್ಲಿ ಒಂದು ಮುಳುಗು ಹಾಕಿ ಬನ್ನಿ.”

ಮ್ಯಾನೇಜರ್ ಪ್ಯಾಂಟು ಮಡಚಿಕೊಂಡು ಮೆಟ್ಟಿಲಿಳಿದ. ನೀರು ಕಪ್ಪಗಿತ್ತು.

“ಆಳ ಎಷ್ಟಿದೆ, ಸ್ವಾಮಿ?”

ಗುರುಗಳು ಮಾತಾಡಲಿಲ್ಲ.

“ಸುಳಿ ಏನಾದರೂ ಇದೆಯಾ?”

ಅದಕ್ಕೂ ಮಾತಿಲ್ಲ.

“ಬಾಯಿ ಬಿಟ್ಟು ಹೇಳ್ರೀ! ಇದು ಜೀವದ ಪ್ರಶ್ನೆ!”

“ನಾನು ಸುಳ್ಳು ಹೇಳಿದೆನೇ? ಖಾಲಿ ಬಿಟ್ಟೆ, ಅಷ್ಟೇ.”

ಮ್ಯಾನೇಜರ್ ದಡದಡನೆ ಮೇಲೆ ಬಂದ. “ನಿಮ್ಮ ಆಶ್ರಮದ ಒಲೆ ಉರಿಯೋದು ನಮ್ಮ ಕೆಲಸದಿಂದ. ಈ ಪುಟ ಹೀಗೇ ಇದ್ದರೆ ಕೆಲಸ ಬೇರೆಯವರಿಗೆ.” ಚಂಪಕಾಳ ಕಡೆ ತಿರುಗಿದ. “ನೀನಾದರೂ ಬುದ್ಧಿ ಉಪಯೋಗಿಸಮ್ಮ.”

ಚಂಪಕಾಳಿಗೆ ಭಯವಾಯಿತು. ಆದರೂ ಪೆನ್ನು ತೆಗೆದುಕೊಂಡು, ಅವನ ಕಣ್ಣೆದುರೇ, ನಾಲ್ಕನೇ ಚೈನಿನ ‘ಇಲ್ಲ’ದ ಮೇಲೆ ಇನ್ನೊಮ್ಮೆ ದಪ್ಪಗೆ ತಿದ್ದಿದಳು. ಪಕ್ಕದಲ್ಲಿ ‘ಕೀಲಿ ಕಳೆದರೆ ಮತ್ತೆ ಸಿಗುವುದಿಲ್ಲ, ಈಗಲೇ ಬರೆದಿಡಿ’ ಎಂದು ಸೇರಿಸಿದಳು.

ಕಾರು ಧೂಳೆಬ್ಬಿಸಿಕೊಂಡು ಹೋಯಿತು.

“ಕೆಲಸ ಹೋಯ್ತು,” ಎಂದಳು ಚಂಪಕಾ. “ಹೋಗಲಿ ಅಂದರೆ, ನಾಳೆ ಅವರು ಬೇರೆಯವರ ಕೈಲಿ ಪುಸ್ತಕ ಬರೆಸಿ ಹಂಚ್ತಾರೆ. ನಮ್ಮ ಪುಟ ಯಾರಿಗೆ ಸಿಗುತ್ತೆ, ಗುರುಗಳೇ?”

ಗುರುಗಳು ಹೆಗಲಿಗೆ ವಲ್ಲಿ ಹಾಕಿಕೊಂಡು ಎದ್ದರು.

“ಮೈದಾ ಕಾಯಿಸಿ ಅಂಟು ಮಾಡು. ಪುಸ್ತಕ ಅವರದು, ಊರ ಗೋಡೆಗಳು ಅವರದಲ್ಲವಲ್ಲ.”