ಆಟ ಶುರುವಾಗುವ ದಿನ

ಹೊಳೆದಂಡೆಯ ಆ ಆಶ್ರಮಕ್ಕೆ ಜನ ಬರುವುದು ಮನಸ್ಸಿಗೆ ನೆಮ್ಮದಿ ಸಿಕ್ಕೀತೆಂದು. ನಿಜಗುಣ ಅವತ್ತು ಬಂದದ್ದು ಒಂದು ತಾರೀಖು ಕೇಳಲು. ಬರುವಾಗ ಮೈಯೆಲ್ಲ ಸಿಟ್ಟಾಗಿ ಬಂದಿದ್ದ.

ಎರಡು ವರ್ಷದಿಂದ ಅವನು ಅಲ್ಲಿನ ಅಡವಯ್ಯನವರ ಶಿಷ್ಯ. ಅಡವಯ್ಯನವರು ಹಳೆಯ ಶಾಸನಗಳನ್ನು ಓದುವವರು. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಕುಂಚದಿಂದ ಬಡಿದು, ಮೇಲೆ ಮಸಿ ಒತ್ತಿ ಅಕ್ಷರಗಳ ಅಚ್ಚು ತೆಗೆಯುವುದನ್ನು ಅವನಿಗೆ ಕಲಿಸಿದವರು ಅವರೇ.

ಗುರುಗಳಿಗೆ ಎಂಬತ್ತು ಸಮೀಪಿಸಿತ್ತು. ವಯಸ್ಸಾದ ಮೇಲೆ ಮನುಷ್ಯ ಶಾಂತನಾಗುತ್ತಾನೆ ಎನ್ನುವವರು ಅವರನ್ನು ನೋಡಿರಲಿಲ್ಲ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಶಿಷ್ಯನಿಗೂ ಅದೇ ಕಾಯಿಲೆ, ಆದರೆ ಅವನು ಅದನ್ನು ಅಭಿಮಾನ ಅಂದುಕೊಂಡಿದ್ದ.

ಅವನ ಕೆಲಸ ಕಂಪ್ಯೂಟರಿನ ಒಂದು ಆಟದ್ದು. ಆ ಆಟದಲ್ಲಿ ಹಿಂದಿನ ಕಾಲದ ರಾಜ್ಯಗಳೆಲ್ಲ ಇವೆ. ಒಂದನ್ನು ಆರಿಸಿಕೊಂಡು ಆಳಬೇಕು, ಸೈನ್ಯ ಕಟ್ಟಬೇಕು, ಕಾದಾಡಬೇಕು. ಇಡೀ ಲೋಕದ ನಕ್ಷೆ ಅದರಲ್ಲಿದೆ.

ನಿಜಗುಣನ ಊರು ಕಡವಿನಕೋಟೆ, ಆಶ್ರಮವಿದ್ದ ಊರೇ. ಅದು ಇರಬೇಕಾದ ಕಡೆ ನಕ್ಷೆಯಲ್ಲಿ ಬರೀ ಬೂದು ಬಣ್ಣವಿತ್ತು. ಬೂದು ಬಣ್ಣವೆಂದರೆ ಯಾರೂ ವಾಸವಿಲ್ಲದ ನೆಲ ಎಂದು ಅರ್ಥ.

ಮೊದಲ ಸಲ ಅದನ್ನು ಕಂಡಾಗ ಅವನ ಮೈ ಉರಿದುಹೋಗಿತ್ತು.

ಇಂಥ ಆಟಗಳನ್ನು ಆಡುವವರೇ ತಿದ್ದಿ, ತಮ್ಮ ನಕ್ಷೆ, ತಮ್ಮ ದೊರೆಗಳನ್ನು ಸೇರಿಸಿ ಹೊಸದಾಗಿ ಕಟ್ಟಿಕೊಳ್ಳಬಹುದು. ಆ ಮಂದಿ ಅದನ್ನು ‘ಮಾಡ್’ ಎನ್ನುತ್ತಾರೆ. ನಿಜಗುಣ ಕಡವಿನಕೋಟೆಯ ಮಾಡ್ ಕಟ್ಟಲು ಹೊರಟ. ಆಟ ಹೇಗೆ ಸಾಗಬೇಕೆಂಬ ಯೋಜನೆ ಬರೆಯುವವನು ಅವನು, ನಕ್ಷೆ ಬಿಡಿಸುವವನು ಬೀರೇಶ. ಬೀರೇಶನದು ಹೊಳೆಯಾಚೆಯ ಬಿಳಿದಂಡೆ. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಶಾಲೆ ಕಲಿತವರು.

ಈಗ ಬೀರೇಶ ಬಿಟ್ಟುಹೋಗಿದ್ದ. ನಕ್ಷೆಯೂ ಹೋಗಿತ್ತು.

ಅಡವಯ್ಯನವರು ಹೊಳೆಯ ಮೆಟ್ಟಿಲ ಮೇಲೆ ಕೂತು ಕುಂಚ ತೊಳೆಯುತ್ತಿದ್ದರು. ನಿಜಗುಣ ನಮಸ್ಕಾರವನ್ನೂ ಅವಸರದಲ್ಲೇ ಮುಗಿಸಿದ.

“ಅಜ್ಜಾರ, ನಮ್ಮ ಕೋಟೆ ಸುಟ್ಟ ದಿನ ಪಕ್ಕಾ ಆಗಬೇಕ್ರಿ.”

“ಯಾಕ?”

“ಆಟ ಆ ದಿನದಿಂದ ಸುರು ಆಗ್ತೈತಿ. ಆಡಾಂವ ಕಣ್ಣು ಬಿಟ್ಟ ಕೂಡ್ಲೆ ಕೋಟೆ ಉರಿಯೂದು ಕಾಣಬೇಕು. ಆಮ್ಯಾಲ ಅಂವ ಸೇಡು ತೀರಿಸ್ಕೋಬೇಕು.”

“ಯಾರ ಮ್ಯಾಲ?”

“ಬಿಳಿದಂಡಿಯವ್ರ ಮ್ಯಾಲ.”

“ಬಿಳಿದಂಡಿ ಕಡಿಂದ ಆಡಾಕ ಬರ್ತೈತೇನು?”

“ಇಲ್ರಿ. ಅವ್ರು ಆಡಾಕ ಇಲ್ಲ. ಸೋಲಾಕ ಅದಾರ.”

ಗುರುಗಳು ಕುಂಚದ ನೀರು ಝಾಡಿಸಿದರು. ದಂಡೆಯ ಬೇವಿನ ಮರದ ಕೆಳಗೆ ಒಂದು ವೀರಗಲ್ಲು ನಿಂತಿತ್ತು. ಯುದ್ಧದಲ್ಲಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಊರವರು ಅದಕ್ಕೆ ವಾರಕ್ಕೊಮ್ಮೆ ಎಣ್ಣೆ ಹಚ್ಚುತ್ತಿದ್ದರು.

“ದಿನ ಅದರ ಮ್ಯಾಲ ಕೊರದೈತಿ. ಓದು.”

ನಿಜಗುಣನಿಗೆ ಅದು ಬಾಯಿಪಾಠವಾಗಿತ್ತು. ಕಲ್ಲಿನ ಕಡೆ ನೋಡದೆಯೇ ಹೇಳಿದ. “ತಾರಣ ಸಂವತ್ಸರದ ಫಾಲ್ಗುಣ ಬಹುಳ ಪಂಚಮಿ. ಬಿಳಿದಂಡೆಯವರು ಹೊಳೆಯಂ ದಾಂಟಿ ಬಂದು ಕೋಟೆಯಂ ಸುಡುವಲ್ಲಿ, ಬಾಚಯನ ಮಗಂ ಕಲಿಗ ಕಾದಿ ಸತ್ತು ಸ್ವರ್ಗಸ್ಥನಾದಂ.”

“ಓದಾಕ ಬರ್ತೈತಲ್ಲ. ಮತ್ತ ನನ್ನ ಯಾಕ ಕೇಳ್ತಿ?”

“ನೀವು ಹೌದು ಅನ್ನಬೇಕ್ರಿ. ನಿಮ್ಮ ಹೆಸರು ಹಾಕ್ತೀನಿ. ಆವಾಗ ಯಾರೂ ಎದುರು ಮಾತಾಡಂಗಿಲ್ಲ.”

“ಈಗ ಯಾರು ಮಾತಾಡ್ಯಾರ?”

ನಿಜಗುಣ ಚೀಲದಿಂದ ಒಂದು ಹಾಳೆ ತೆಗೆದ. ಫೋನಿನಲ್ಲಿ ಬರೆದದ್ದನ್ನು ಗುರುಗಳಿಗಾಗಿ ಅಚ್ಚು ಹಾಕಿಸಿಕೊಂಡು ಬಂದಿದ್ದ. ಫೋನಿನಲ್ಲಿ ಓದು ಎಂದರೆ ಅವರು ಫೋನನ್ನೇ ಹೊಳೆಗೆ ಎಸೆಯುವವರು.

“ಇದನ್ನ ಇವತ್ತು ಹಾಕಾಂವ ಅದೀನ್ರಿ, ನಮ್ಮ ಆಟದ ಮಂದಿ ಎಲ್ಲಾರೂ ಓದೂ ಕಡೆ. ಭಾಷೆ ಒಂದು ತಿದ್ದಿಕೊಡ್ರಿ.”

ಗುರುಗಳು ಹಾಳೆಯನ್ನು ದೂರ ಹಿಡಿದು ಗಟ್ಟಿಯಾಗಿ ಓದಿದರು.

“ಕಳೆದ ತಿಂಗಳ ಹದಿನೇಳನೇ ತಾರೀಖು, ಬೀರೇಶನೆಂಬವನು ನಮ್ಮ ಎರಡು ವರ್ಷದ ನಕ್ಷೆಯನ್ನೆಲ್ಲ ಹೇಳದೆ ಕೇಳದೆ ಅಳಿಸಿಹಾಕಿ ಹೋದನು. ಇಂಥ ದ್ರೋಹಿಯನ್ನು ಇನ್ನು ಮುಂದೆ ಯಾರೂ ಹತ್ತಿರ ಸೇರಿಸಬಾರದು.”

ಓದಿ ನಿಲ್ಲಿಸಿದರು.

“ಇದನ್ನ ಹಾಕಿದ್ರ ಏನಾಗ್ತೈತಿ?”

“ನಾಕು ಸಾವಿರ ಮಂದಿ ಓದ್ತಾರ್ರಿ. ನಕ್ಷೆ ತಗಿಯೂದ ಅವನ ಅನ್ನ. ಇನ್ನ ಅವನಿಗೆ ಯಾರೂ ಕೆಲಸ ಕೊಡಂಗಿಲ್ಲ.”

“ಅವನ ಅನ್ನ ಹೋಗಬೇಕು ಅಂತೀ.”

“ಹೋಗಬೇಕ್ರಿ.”

ಕಣ್ಣು ಮಿಟುಕಿಸದೆ ಹೇಳಿದ. ಒಂದು ತಿಂಗಳಿನಿಂದ ಅವನು ಊಟದ ತಾಟಿನ ಮುಂದೆ ಕೂತರೂ ಬೀರೇಶನ ಜೊತೆ ಮನಸ್ಸಿನಲ್ಲೇ ಜಗಳ ಆಡುತ್ತಿದ್ದ. ಪ್ರತಿ ಸಲವೂ ಗೆಲ್ಲುತ್ತಿದ್ದ. ಗೆದ್ದ ಮೇಲೆ ಸಿಟ್ಟು ಇಳಿಯಬೇಕಿತ್ತು, ಯಾಕೋ ಇಳಿಯುತ್ತಿರಲಿಲ್ಲ.

“ಹದಿನಾರನೇ ತಾರೀಖು ಏನಾಗಿತ್ತು?” ಗುರುಗಳು ಕೇಳಿದರು.

“ಏನಿಲ್ರಿ.”

“ಏನೂ ಇಲ್ಲ?”

“ಏನಿಲ್ಲ ಅಂದ್ನೆಲ್ರಿ.”

ಆ ದನಿ ಗುರುಗಳ ಮುಂದೆ ಏರಿಸುವ ದನಿಯಾಗಿರಲಿಲ್ಲ. ಗುರುಗಳು ಒಂದು ಗಳಿಗೆ ಅವನನ್ನು ನುಂಗುವಂತೆ ನೋಡಿದರು.

“ಹಾರಿ ತಾ.”

ನಿಜಗುಣ ಆಶ್ರಮದ ಹಿತ್ತಲಿನಿಂದ ಹಾರೆ ತಂದ. ಗುರುಗಳು ನೀರಿನ ಅಂಚಿನ ಕಟ್ಟಕಡೆಯ ಮೆಟ್ಟಿಲನ್ನು ತೋರಿಸಿದರು. ಊರಿನ ಹೆಣ್ಣುಮಕ್ಕಳು ಬಟ್ಟೆ ಒಗೆದು ಒಗೆದು ನುಣುಪಾಗಿದ್ದ ಅಗಲವಾದ ಚಪ್ಪಡಿ.

“ಆ ಕಲ್ಲು ಹೊಳ್ಳಿಸು.”

“ಯಾಕ್ರಿ? ನಾ ತಾರೀಖು ಕೇಳಾಕ ಬಂದೀನಿ.”

“ಹೊಳ್ಳಿಸು ಅಂದ್ರ ಹೊಳ್ಳಿಸು.”

ನಿಜಗುಣ ಹಾರೆಯನ್ನು ಕಲ್ಲಿನ ಸಂದಿಗೆ ಹೊಡೆದ. ಗುರುಗಳ ಮೇಲಿನ ಸಿಟ್ಟು, ಬೀರೇಶನ ಮೇಲಿನ ಸಿಟ್ಟು, ತನ್ನೂರಿಗೆ ಬೂದು ಬಣ್ಣ ಹಚ್ಚಿದ ಮುಖ ಕಾಣದ ಜನರ ಮೇಲಿನ ಸಿಟ್ಟು, ಎಲ್ಲವನ್ನೂ ಹಾರೆಯ ಮೇಲೆ ಹಾಕಿದ. ಕಲ್ಲು ಜಗ್ಗಲಿಲ್ಲ. ಕೆಳಗೆ ಸಣ್ಣ ಕಲ್ಲು ಇಟ್ಟು ಮೀಟಿದ, ಜಾರಿತು. ಮತ್ತೆ ಇಟ್ಟ. ಅಂಗೈಯ ಚರ್ಮ ಕಿತ್ತು ಬಂತು.

ಗುರುಗಳು ಬೆರಳು ಕೂಡ ಅಲ್ಲಾಡಿಸಲಿಲ್ಲ. ಹೊಳೆಯ ಕಡೆ ಮುಖ ಮಾಡಿ ಕೂತೇ ಇದ್ದರು.

ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕಲ್ಲು ಮಗ್ಗುಲಾಯಿತು. ಆಮೇಲೆ ತನ್ನ ಭಾರಕ್ಕೆ ತಾನೇ ಕೆಸರಿನಲ್ಲಿ ಬೆನ್ನು ಹಚ್ಚಿ ಬಿತ್ತು. ಅಡಿಯಲ್ಲಿದ್ದ ಮುಖ ಮೇಲೆ ಬಂತು.

“ತೊಳಿ.”

ತೊಳೆದ. ಕೆಸರಿನ ಕೆಳಗೆ ಕುದುರೆ ಹತ್ತಿದ ಒಬ್ಬ ಮನುಷ್ಯನ ಚಿತ್ರ. ಅವನ ಮುಂದೆ ದನಗಳ ಸಾಲು. ಅದರ ಕೆಳಗೆ ಅಕ್ಷರಗಳು.

“ಅಚ್ಚು ತಗಿ.”

“ಕಾಗದ ತಂದಿಲ್ರಿ.”

ಗುರುಗಳು ತಮ್ಮ ಕೈಯಲ್ಲಿದ್ದ ಹಾಳೆಯನ್ನೇ ಹೊಳೆಯಲ್ಲಿ ಅದ್ದಿ, ಅಕ್ಷರಗಳ ಮೇಲೆ ಚಪ್ಪಳಿಸಿದರು. ಅದು ನಿಜಗುಣ ಬರೆದ ಪತ್ರ.

ಅವನು ಅವರ ಮುಂಗೈ ಹಿಡಿದುಬಿಟ್ಟ. “ಅಜ್ಜಾರ, ಅದು ನನ್ನ ಪತ್ರ.”

“ಕೈ ಬಿಡು.”

ಬಿಟ್ಟ. ಬಿಡದೆ ಇರಬಹುದಾದ ದನಿ ಅದಾಗಿರಲಿಲ್ಲ.

“ದಪ್ಪ ಕಾಗದ,” ಎಂದರು ಗುರುಗಳು. “ಆದ್ರೂ ನಡೀತೈತಿ.”

ಅವರು ಕುಂಚದಿಂದ ಬಡಿದರು. ಒದ್ದೆ ಹಾಳೆ ಅಕ್ಷರಗಳ ಕುಳಿಗಳೊಳಗೆ ಇಳಿಯಿತು. ಮೆಟ್ಟಿಲ ಮೇಲಿದ್ದ ಮಸಿಯನ್ನು ಅರಿವೆಯ ಉಂಡೆಗೆ ಹಚ್ಚಿ ಹಗುರವಾಗಿ ಒತ್ತುತ್ತ ಹೋದರು. ಹದಿನೇಳನೇ ತಾರೀಖು ಕಪ್ಪಾಯಿತು. ಬೀರೇಶನ ಹೆಸರು ಕಪ್ಪಾಯಿತು. ದ್ರೋಹಿ ಎಂಬ ಮಾತೂ ಮಸಿಯ ಕೆಳಗೆ ಹೋಯಿತು. ಅದರ ನಡುವೆ ಕಲ್ಲಿನ ಅಕ್ಷರಗಳು ಬೆಳ್ಳಗೆ ಎದ್ದುಬಂದವು.

“ಈಗ ಓದು.”

ನಿಜಗುಣ ಬಗ್ಗಿದ. ಇದು ಬಾಯಿಪಾಠ ಮಾಡಿದ ಸಾಲಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದಬೇಕಾಯಿತು.

“ಚಿತ್ರಭಾನು ಸಂವತ್ಸರದ ಫಾಲ್ಗುಣ ಶುದ್ಧ ದಶಮಿ. ಕಡವಿನಕೋಟೆಯ ಬಾಚಯಂ, ಹೊಳೆಯಂ ದಾಂಟಿ ಬಿಳಿದಂಡೆಯಂ ಸುಟ್ಟು, ತುರುವಂ ಕೊಂಡು ಬರ್ಪಲ್ಲಿ…”

ತುರು ಎಂದರೆ ದನ. ಅವನು ಅಲ್ಲಿಗೇ ನಿಲ್ಲಿಸಿದ.

“ಮುಂದ?”

“ಕಾದಿ ಸತ್ತು ಸ್ವರ್ಗಸ್ಥನಾದಂ.”

“ಚಿತ್ರಭಾನು ಯಾವಾಗ ಬರ್ತೈತಿ?”

“ತಾರಣಕ್ಕ ಎರಡು ವರ್ಷ ಮೊದಲ್ರಿ.”

“ಊರು ಸುಟ್ಟಾಂವ ಯಾರು?”

“ನಮ್ಮವ.”

“ಸುಟ್ಟಿದ್ದಕ್ಕ ಸ್ವರ್ಗ ಸಿಕ್ತು ಅಂತ ಕಲ್ಲು ಬರಿಸಿದವ್ರು?”

“ನಮ್ಮವ್ರ.”

“ಆಮ್ಯಾಲ ಅದನ್ನ ಮಕಾಡಿ ಹಾಕಿ ಅದರ ಮ್ಯಾಲ ಅರಿವಿ ಒಗದವ್ರು?”

ನಿಜಗುಣನ ಅವ್ವನೂ ಅದೇ ಕಲ್ಲಿನ ಮೇಲೆ ಬಟ್ಟೆ ಒಗೆದವಳು.

“ನಿಮಗ ಇದು ಗೊತ್ತಿತ್ತೇನ್ರಿ?”

“ನಲವತ್ತು ವರ್ಷದಿಂದ. ಮೆಟ್ಟಲ ರಿಪೇರಿ ಮಾಡುವಾಗ ಓದಿದ್ದೆ.”

“ಮತ್ತ ಎರಡು ವರ್ಷ ನನಗ ಯಾಕ ಹೇಳಲಿಲ್ಲ?” ನಿಜಗುಣ ಸಿಟ್ಟಿನಿಂದ ಕೇಳಿದ. “ಇಡೀ ಯೋಜನೆ ನಿಮ್ಮ ಮುಂದ ಕೂತು ಬರದೀನಿ.”

“ನೆಟ್ಟಗ ನಿಂತಿದ್ದೊಂದನ್ನ ಓದಿದಿ. ಓದಿ, ಸಾಕು ಅಂದಿ. ಇನ್ನೊಂದು ಐತೇನು ಅಂತ ಒಂದು ದಿನಾ ಕೇಳಲಿಲ್ಲ.”

“ಹಂಗಾದ್ರ ಅವ್ರು ನಮ್ಮ ಕೋಟೆ ಸುಟ್ಟಿದ್ದು ಸುಳ್ಳಾತೇನ್ರಿ?”

“ಇಲ್ಲ. ಸುಟ್ಟಾರ. ಮಂದಿ ಸತ್ತಾರ. ಖರೇನ ಅದು.” ಗುರುಗಳು ಕುಂಚ ಕೆಳಗಿಟ್ಟರು. “ಹದಿನಾರನೇ ತಾರೀಖು ಏನು ಮಾಡಿದಿ?”

ಹೊಳೆಯಲ್ಲಿ ಯಾರೋ ಎಮ್ಮೆ ಮೈ ತೊಳೆಯುತ್ತಿದ್ದರು. ನಿಜಗುಣ ಆ ಕಡೆ ನೋಡುತ್ತಲೇ ಹೇಳಿದ.

“ಬೀರೇಶ ನಾಕು ತಿಂಗಳು ಕೂತು ಆಚೆ ದಂಡಿ ಬಿಡಿಸಿದ್ದ. ಹದಿಮೂರು ಹಳ್ಳಿ. ಅವರಜ್ಜಿ ಕುರಿಹಟ್ಟಿ ಇದ್ದ ದಿಬ್ಬ ಕೂಡ ಹಾಕಿದ್ದ. ಸೋಲೂ ಮಂದಿಗೆ ಇಷ್ಟೆಲ್ಲಾ ಯಾಕಂತ ನಾ…”

“ನೀ?”

“ಬೂದಿ ಬಣ್ಣ ಹಚ್ಚಿದ್ನಿರಿ. ಎಲ್ಲಾದಕ್ಕೂ.”

“ಬೂದಿ ಬಣ್ಣ ಅಂದ್ರ?”

ಗುರುಗಳಿಗೆ ಅದು ಗೊತ್ತಿತ್ತು. ಎರಡು ವರ್ಷದಲ್ಲಿ ನಿಜಗುಣನೇ ನೂರು ಸಲ ಅವರ ಮುಂದೆ ಹೇಳಿಕೊಂಡು ಕುದಿದಿದ್ದ.

“ಯಾರೂ ವಾಸ ಇಲ್ಲ ಅಂತ್ರಿ,” ಎಂದ.

ತನ್ನ ಬಾಯಿಂದಲೇ ಬಂದ ಮಾತು ಅವನ ಕಿವಿಗೆ ಬಿತ್ತು. ನಾಚಿಕೆಯಾಗಿತ್ತು, ಆದರೆ ನಾಚಿಕೆಯ ಜೊತೆ ಕೂತುಕೊಳ್ಳುವುದು ಅವನಿಗೆ ಅಭ್ಯಾಸವಿರಲಿಲ್ಲ. ಅಭ್ಯಾಸವಿದ್ದದ್ದು ಸಿಟ್ಟು. ಅದನ್ನೇ ಮತ್ತೆ ಕೈಗೆತ್ತಿಕೊಂಡ.

“ಆದ್ರ ಹದಿನೈದಕ್ಕ ಅಂವ ನಕ್ಕಿದ್ದ ನೋಡ್ರಿ. ನನ್ನ ಯೋಜನೆ ಎಲ್ಲಾರ ಮುಂದ ಓದಿ, ಇದು ಚರಿತ್ರೆ ಅಲ್ಲ, ನಿನ್ನ ಹೊಟ್ಟೆಉರಿ ಅಂದ. ಅದಕ್ಕ ಏನಂತೀರಿ?”

“ಹದಿನಾಕಕ್ಕ?”

ನಿಜಗುಣನಿಗೆ ನೆನಪಿತ್ತು. ಹದಿನಾಲ್ಕರಂದು ಬೀರೇಶ ಫೋನು ಮಾಡಿ, ಬಿಳಿದಂಡೆಯ ಕಡೆಯಿಂದಲೂ ಆಡಲು ಬಿಡೋಣ ಎಂದು ಕೇಳಿದ್ದ. ನಿಜಗುಣ ಮಾತು ಮುಗಿಯುವ ಮೊದಲೇ ಫೋನಿಟ್ಟಿದ್ದ.

ಅವನು ಕೆಸರಿನಲ್ಲಿ ಬಿದ್ದಿದ್ದ ಹಾರೆಯನ್ನು ಕಾಲಿನಿಂದ ಒದ್ದ.

“ಹಿಂಗ ಹಿಂದ ಹಿಂದ ಹೋದ್ರ ಕೊನಿ ಎಲ್ಲೈತ್ರಿ? ಮೊದಲ ತಪ್ಪು ಮಾಡಿದವ್ರು ಯಾರರ ಇರಬೇಕಲ್ಲ?”

“ನನ್ನ ಮ್ಯಾಲ ಯಾಕ ಒದರ್ತಿ?” ಗುರುಗಳೂ ದನಿ ಏರಿಸಿದರು. “ಐವತ್ತು ವರ್ಷದಿಂದ ಕಲ್ಲು ಓದಾಕತ್ತೀನಿ. ಮೊದಲು ಕೈ ಮಾಡಿದವ್ರು ನಾವು ಅಂತ ಬರಿಸಿದ್ದು ಒಂದ ಒಂದು ಕಲ್ಲು ಕಂಡಿಲ್ಲ. ನೀ ಕಂಡ್ರ ಬಂದು ಹೇಳು.”

ನಿಜಗುಣ ಒದ್ದ ಹಾರೆಯನ್ನು ಎತ್ತಿ ಮೆಟ್ಟಿಲಿಗೆ ಒರಗಿಸಿದ.

ಹಾಳೆ ಒಣಗಿತ್ತು. ಗುರುಗಳು ಮೂಲೆ ಹಿಡಿದು ಮೆಲ್ಲಗೆ ಬಿಡಿಸಿ ಅವನ ಕೈಗೆ ಕೊಟ್ಟರು. ಬಾಚಯನ ಪ್ರತಾಪ ಓದಲು ಬರುತ್ತಿತ್ತು. ನಿಜಗುಣನದು ಒಂದು ಅಕ್ಷರವೂ ಓದಲು ಬರುತ್ತಿರಲಿಲ್ಲ.

“ಫೋನಿನ್ಯಾಗ ಇನ್ನೂ ಐತಲ್ಲ ಇದು?”

“ಐತ್ರಿ.”

“ಹಾಕಾಂವ ಇದ್ರ ಹಾಕು. ನಾ ನಿನ್ನ ಕೈ ಹಿಡಿಯಂಗಿಲ್ಲ.”

ನಿಜಗುಣ ಫೋನು ತೆಗೆದ. ಪತ್ರ ತಯಾರಾಗಿ ಕೂತಿತ್ತು, ಒಂದು ಸಲ ಒತ್ತಿದರೆ ಸಾಕಿತ್ತು. ಸುಲಿದ ಅಂಗೈ ಉರಿಯುತ್ತಿತ್ತು. ಬಹಳ ಹೊತ್ತು ನೋಡಿದ. ಒತ್ತಲಿಲ್ಲ, ಅಳಿಸಲೂ ಇಲ್ಲ. ಫೋನನ್ನು ಮತ್ತೆ ಕಿಸೆಗೆ ಹಾಕಿಕೊಂಡ.

“ಅಜ್ಜಾರ, ಹಂಗಾದ್ರ ನನ್ನ ಆಟ ಯಾವ ದಿನದಿಂದ ಸುರು ಮಾಡ್ಲಿ?”

ಗುರುಗಳು ಹೊಳೆಯಾಚೆ ಕೈ ತೋರಿಸಿದರು. ಅಲ್ಲಿ ಬಿಳಿದಂಡೆಯ ಮೆಟ್ಟಿಲುಗಳು ಕಾಣುತ್ತಿದ್ದವು.

“ಅವ್ರ ಕಡಿಗೂ ಒಂದು ಮಕಾಡಿ ಬಿದ್ದೈತಿ. ಇದಕ್ಕಿಂತ ಹಳೇದು ಅಂತಾರ, ಇದಕ್ಕಿಂತ ದೊಡ್ಡದು. ಅದನ್ನ ನಾ ಇನ್ನೂ ಓದಿಲ್ಲ.”

“ಯಾಕ್ರಿ?”

“ಒಬ್ಬನಿಂದ ಹೊಳ್ಳೂ ಕಲ್ಲಲ್ಲ ಅದು. ಆ ದಂಡಿಯವ ಒಬ್ಬ ಬೇಕು. ಈ ಸಲ ಕಾಗದ ನಾ ತರ್ತೀನಿ, ನೀ ಎರಡು ಹಾರಿ ತಾ.”